ಶಿಂಗ್‌ಯಿ, ಬಾಗ್ವಾ, ತಾಯ್‌ಚಿ: ಒಂದರ ಕೊರತೆಗೆ ಇನ್ನೊಂದು

ಚೀನಾದ ಅಂತರಂಗ ಸಮರಕಲೆಗಳು, ಅಂದರೆ ಬರೀ ತೋಳ್ಬಲಕ್ಕಿಂತ ಇಡೀ ದೇಹದ ಹೊಂದಾಣಿಕೆಯನ್ನು ನೆಚ್ಚುವ ಒಳ ಪಂಥದ ಕಲೆಗಳು ಎಂದಾಗ ಮುಖ್ಯವಾಗಿ ಮೂರು ಹೆಸರು ಬರುತ್ತವೆ: ಶಿಂಗ್‌ಯಿ, ಬಾಗ್ವಾ, ತಾಯ್‌ಚಿ. ಮೂರನೆಯದನ್ನು ಪಾರ್ಕಿನಲ್ಲಿ ನಿಧಾನವಾಗಿ ಕೈ ಬೀಸುವವರ ಮೂಲಕವಾದರೂ ನೀವೆಲ್ಲ ನೋಡಿದ್ದೀರಿ. ಮೊದಲೆರಡನ್ನು ನೋಡಿದವರು ಕಡಿಮೆ. ಈ ಮೂರೂ ಒಂದೇ ಮರದ ಕೊಂಬೆಗಳು, ಆದ್ದರಿಂದ ಒಂದು ಕಲಿತರೆ ಉಳಿದೆರಡು ತಾನಾಗಿ ಬರುತ್ತವೆ ಎಂದು ಹೇಳುವವರಿದ್ದಾರೆ. ಮೂರನ್ನೂ ಕಲಸಿ ಒಂದೇ ವರಸೆ ಮಾಡಿ ಕಲಿಸುವವರೂ ಇದ್ದಾರೆ. ಎರಡೂ ತಪ್ಪು ಎಂಬುದು ಈ ಉಪನ್ಯಾಸದ ವಾದ. ಪ್ರತಿಯೊಂದು ಕಲೆಯೂ ದೇಹಕ್ಕೆ ಒಂದು ಗುಣವನ್ನು ಬಲವಾಗಿ ಕಲಿಸುತ್ತದೆ, ಅದರ ಜೊತೆಗೇ ಒಂದು ಕೆಟ್ಟ ಅಭ್ಯಾಸವನ್ನೂ ಅಂಟಿಸುತ್ತದೆ. ಆ ಅಭ್ಯಾಸವನ್ನು ಬಿಡಿಸುವ ಕಸರತ್ತು ಪಕ್ಕದ ಕಲೆಯಲ್ಲಿದೆ.

ಇತಿಹಾಸವನ್ನು ಬೇಗ ಮುಗಿಸೋಣ, ಏಕೆಂದರೆ ಅದರಲ್ಲಿ ದಂತಕಥೆಯೇ ಹೆಚ್ಚು. ತಾಯ್‌ಚಿಯ ಗೊತ್ತಿರುವ ನೆಲೆ ಹೆನಾನ್ ಪ್ರಾಂತದ ವೆನ್ ಕೌಂಟಿಯ ಚೆನ್ ಮನೆತನದ ಹಳ್ಳಿ, ಚೆನ್‌ಜಿಯಾಗೋ. ಅಲ್ಲಿ ಚೆನ್ ಚಾಂಗ್‌ಶಿಂಗ್ ಬಳಿ ಕಲಿತ ಯಾಂಗ್ ಲೂಚಾನ್ (1799–1872) ಅದನ್ನು ಬೀಜಿಂಗಿಗೆ ತಂದ. ಶಿಂಗ್‌ಯಿ ಬಂದದ್ದು ಶಾನ್ಶಿ ಪ್ರಾಂತದಿಂದ. ಅಲ್ಲಿನ ದಾಯ್ ಮನೆತನದವರಿಂದ ಕಲಿತ ಲಿ ಲೋನೆಂಗ್ ಅದನ್ನು ಹೆಬೆಯ್ ಪ್ರಾಂತಕ್ಕೆ ಒಯ್ದ. ಬಾಗ್ವಾ ದೋಂಗ್ ಹಾಯ್‌ಚುವಾನ್‌ನಿಂದ ಶುರುವಾಗುತ್ತದೆ. ಆತ ಬೀಜಿಂಗಿನಲ್ಲಿ ರಾಜಕುಮಾರ ಸು ಅವರ ಅರಮನೆಯಲ್ಲಿ ಕೆಲಸಕ್ಕಿದ್ದು 1882ರಲ್ಲಿ ತೀರಿಕೊಂಡ. ಹೀಗೆ ಮೂರು ಬೇರೆ ಊರು, ಮೂರು ಬೇರೆ ಮನೆತನ. ವುದಾಂಗ್ ಬೆಟ್ಟದ ಸನ್ಯಾಸಿ ಝಾಂಗ್ ಸಾನ್‌ಫೆಂಗ್ ಮೂರನ್ನೂ ಹುಟ್ಟಿಸಿದ ಎಂಬ ಕಥೆಗೆ ಆಧಾರವಿಲ್ಲ. ಒಳ ಪಂಥ, ಹೊರ ಪಂಥ ಎಂಬ ವಿಂಗಡಣೆ ಮೊದಲು ಕಾಣುವುದು 1669ರಲ್ಲಿ ವಿದ್ವಾಂಸ ಹುವಾಂಗ್ ಝೋಂಗ್‌ಶಿ ಬರೆದ ಒಂದು ಸಮಾಧಿ ಲೇಖದಲ್ಲಿ. ಅದು ಹೇಳುತ್ತಿರುವುದೂ ಈ ಮೂರರ ಬಗ್ಗೆ ಅಲ್ಲ. ಶಿಂಗ್‌ಯಿಯ ಗುವೋ ಯುನ್‌ಶೆನ್ ಮತ್ತು ಬಾಗ್ವಾದ ದೋಂಗ್ ಮೂರು ದಿನ ಕಾದಾಡಿ ಸಮಸಮ ಆದರು ಎಂಬುದನ್ನೂ ಕಥೆಯಾಗಿಯೇ ಇಟ್ಟುಕೊಳ್ಳಿ.

ನಿಜವಾಗಿ ನಡೆದದ್ದು ಇಷ್ಟು ರೋಚಕವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೀಜಿಂಗ್ ಮತ್ತು ತಿಯಾನ್‌ಜಿನ್‌ಗಳಲ್ಲಿ ಈ ಕಲೆಗಳ ಉಸ್ತಾದರು ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಹೋಗಿಬರುತ್ತಿದ್ದರು. ಕನ್ನಡಕದ ವ್ಯಾಪಾರ ಮಾಡಿಕೊಂಡಿದ್ದ ಬಾಗ್ವಾದ ಚೆಂಗ್ ತಿಂಗ್‌ಹುವಾ (1848–1900) ಮತ್ತು ಶಿಂಗ್‌ಯಿಯ ಲಿ ಚುನ್‌ಯಿ ಸ್ನೇಹಿತರಾಗಿದ್ದರು, ಶಿಷ್ಯರನ್ನು ಹಂಚಿಕೊಂಡರು. 1894ರಲ್ಲಿ ಇವರು ಮತ್ತು ಕೆಲವು ಗೆಳೆಯರು ಸೇರಿ ಮೂರೂ ಕಲೆಗಳನ್ನು ಒಂದೇ ಬಳಗ ಎಂದು ಕರೆಯಲು ಒಪ್ಪಿಕೊಂಡರು ಎಂದು ಪರಂಪರೆ ಹೇಳುತ್ತದೆ. 1928ರಲ್ಲಿ ನಾನ್‌ಜಿಂಗ್‌ನಲ್ಲಿ ಸರ್ಕಾರಿ ಸಮರಕಲಾ ಸಂಸ್ಥೆ ಶುರುವಾದಾಗ ಹೊರ ಪಂಥಕ್ಕೆ ಶಾವೋಲಿನ್, ಈ ಮೂರು ಕಲೆಗಳಿಗೆ ವುದಾಂಗ್ ಎಂದು ಎರಡು ವಿಭಾಗ ಮಾಡಿದರು. ಎರಡು ವಿಭಾಗಗಳ ನಡುವೆ ಜಗಳವೆದ್ದು ಸ್ವಲ್ಪ ಕಾಲದಲ್ಲೇ ಆ ವಿಂಗಡಣೆಯನ್ನು ಕೈಬಿಡಬೇಕಾಯಿತು. ಅಂದರೆ ಈ ಗುಂಪುಗಾರಿಕೆ ತೀರ ಈಚಿನದು. ದೇಹದ ಲೆಕ್ಕ ಅದಕ್ಕಿಂತ ಮುಖ್ಯ. ಅಲ್ಲಿಗೆ ಬರೋಣ.

ಶಿಂಗ್‌ಯಿಯಿಂದ ಶುರುಮಾಡುತ್ತೇವೆ, ಏಕೆಂದರೆ ಮೂರರಲ್ಲಿ ಮುಚ್ಚುಮರೆ ಕಡಿಮೆ ಇರುವುದು ಇದರಲ್ಲೇ. ಇದರ ತಳಪಾಯ ಸಾನ್‌ತಿ ಎಂಬ ಒಂದೇ ನಿಲುವು. ಹಿಮ್ಮಡಿ ಕೂಡಿಸಿ ನಿಂತು ಬಲಪಾದವನ್ನು 45 ಡಿಗ್ರಿ ಹೊರಗೆ ತಿರುಗಿಸಿ. ಎಡಪಾದವನ್ನು ನೇರ ಮುಂದೆ ಇಡಿ. ಎರಡು ಹಿಮ್ಮಡಿಗಳ ನಡುವೆ ನಿಮ್ಮದೇ ಪಾದದ ಅಳತೆಯಲ್ಲಿ ಒಂದೂವರೆಯಿಂದ ಎರಡು ಪಾದ ಅಂತರವಿರಲಿ. ಭಾರ ಹಿಂಗಾಲಿನ ಮೇಲೆ ನೂರಕ್ಕೆ 60ರಿಂದ 70 ಪಾಲು, ಉಳಿದದ್ದು ಮುಂದೆ. ಎಡ ಅಂಗೈ ಮುಂದೆ, ಬೆರಳ ತುದಿ ಬಾಯಿಯಿಂದ ಮೂಗಿನ ಮಟ್ಟದಲ್ಲಿ, ಮೊಣಕೈ ಕೆಳಮುಖವಾಗಿ ಸ್ವಲ್ಪ ಬಾಗಿರಲಿ. ಬಲ ಅಂಗೈ ಹೊಕ್ಕುಳ ಬಳಿ. ಮೂಗಿನ ತುದಿ, ಮುಂದಿನ ಕೈಯ ಬೆರಳ ತುದಿ, ಮುಂಗಾಲ ಬೆರಳ ತುದಿ, ಮೂರೂ ಒಂದೇ ಗೆರೆಯಲ್ಲಿ ಬರಬೇಕು. ಮೊದಲಿಗೆ ಒಂದೊಂದು ಬದಿಗೆ ಎರಡು ನಿಮಿಷ ಸಾಕು. ನಿಧಾನವಾಗಿ ಹತ್ತು ನಿಮಿಷಕ್ಕೆ ಏರಿಸಬಹುದು.

ತಪ್ಪುವುದು ಎಲ್ಲಿ? ಮೂರನೆಯ ನಿಮಿಷಕ್ಕೆ ಹಿಂದಿನ ತೊಡೆ ಉರಿಯತೊಡಗುತ್ತದೆ. ಆಗ ದೇಹ ನಿಮಗೆ ಗೊತ್ತಾಗದಂತೆ ಮೂರು ಕಳ್ಳದಾರಿ ಹಿಡಿಯುತ್ತದೆ. ಭಾರವನ್ನು ಮುಂಗಾಲಿಗೆ ಜಾರಿಸುತ್ತದೆ, ಪಿರ್ರೆಯನ್ನು ಹಿಂದಕ್ಕೆ ಚಾಚಿ ಸೊಂಟವನ್ನು ಕೊಕ್ಕೆ ಮಾಡುತ್ತದೆ, ಹಿಂಗಾಲಿನ ಮಂಡಿಯನ್ನು ಒಳಕ್ಕೆ ಕುಸಿಸುತ್ತದೆ. ಮೂರನೆಯದು ಅಪಾಯ. ಮಂಡಿ ಯಾವಾಗಲೂ ಅದೇ ಕಾಲಿನ ಬೆರಳುಗಳ ದಿಕ್ಕಿಗೇ ಇರಬೇಕು. ಪರೀಕ್ಷೆ ಸುಲಭ: ಜೊತೆಗಾರರೊಬ್ಬರು ನಿಮ್ಮ ಮುಂದಿನ ಅಂಗೈ ಮೇಲೆ ಅಂಗೈಯಿಟ್ಟು ನಿಧಾನವಾಗಿ ಭಾರ ಹಾಕಲಿ. ಒತ್ತಡ ಹಿಂಗಾಲಿನ ಹಿಮ್ಮಡಿಗೆ ಇಳಿದರೆ ನಿಲುವು ಸರಿ. ಭುಜ ಮೇಲೆದ್ದರೆ ಅಥವಾ ಸೊಂಟ ಹಿಂದಕ್ಕೆ ಬಾಗಿದರೆ ಬಲ ಅಲ್ಲೇ ಸೋರುತ್ತಿದೆ.

ಈ ನಿಲುವು ಚಲಿಸಿದರೆ ಐದು ಹೊಡೆತಗಳಾಗುತ್ತವೆ: ಸೀಳುವ ಪೀ, ಕೊರೆಯುತ್ತ ಮೇಲೇಳುವ ಜ್ವಾನ್, ನೇರ ಗುದ್ದುವ ಬೆಂಗ್, ಒಂದು ಕೈ ಎತ್ತಿ ಇನ್ನೊಂದರಲ್ಲಿ ಸಿಡಿಯುವ ಪಾವ್, ಅಡ್ಡ ತಿರುಚುವ ಹೆಂಗ್. ಇವನ್ನು ಲೋಹ, ನೀರು, ಮರ, ಬೆಂಕಿ, ಮಣ್ಣು ಎಂಬ ಪಂಚತತ್ತ್ವಗಳಿಗೆ ಜೋಡಿಸುತ್ತಾರೆ. ಈ ಜೋಡಣೆ ನೆನಪಿಗೆ ಒಳ್ಳೆಯದು, ಗುದ್ದಿಗೆ ಅದರಿಂದ ಬಲ ಬರುವುದಿಲ್ಲ. ಬಲ ಬರುವುದು ಹೆಜ್ಜೆಯಿಂದ. ಮುಂಗಾಲು ಮುಂದೆ ಹೋಗುತ್ತದೆ, ಹಿಂಗಾಲು ನೆಲವನ್ನು ಒದ್ದು ಅದರ ಹಿಂದೆಯೇ ಅರ್ಧ ಹೆಜ್ಜೆ ಎಳೆದುಕೊಂಡು ಬರುತ್ತದೆ. ಪೀ ಹೊಡೆತದಲ್ಲಿ ಅಂಗೈ ಇಳಿಯುವುದೂ ಮುಂಗಾಲು ನೆಲ ಮುಟ್ಟುವುದೂ ಒಂದೇ ಕ್ಷಣದಲ್ಲಿ ಆಗಬೇಕು. ಕೈ ಮೊದಲು ಮುಟ್ಟಿದರೆ ಅದು ಬರೀ ತೋಳಿನ ಹೊಡೆತ. ಕಾಲು ಮೊದಲು ಊರಿದರೆ ದೇಹದ ಓಟ ಅಲ್ಲೇ ಮುಗಿಯಿತು, ಕೈ ಆಮೇಲೆ ಒಂಟಿಯಾಗಿ ಬರುತ್ತದೆ. ಹಿಂಗಾಲು ತೀರ ಹತ್ತಿರ ಬಂದು ಮುಂಗಾಲಿಗೆ ತಾಗಿದರೆ ಮುಂದಿನ ಹೆಜ್ಜೆಗೆ ಒದೆಯಲು ಜಾಗವಿಲ್ಲ. 15–20 ಮೀಟರ್ ಉದ್ದದ ನೇರ ಜಾಗದಲ್ಲಿ ಒಂದೇ ಹೊಡೆತವನ್ನು ತಿಂಗಳುಗಟ್ಟಲೆ ಹೋಗಿಬಂದು ಮಾಡುವುದು ಹಳೆಯ ಕ್ರಮ. ಬೇಸರದ ಕೆಲಸ. ಗುವೋ ಯುನ್‌ಶೆನ್‌ಗೆ ಹೆಸರು ಬಂದದ್ದು ಅರ್ಧ ಹೆಜ್ಜೆಯ ಬೆಂಗ್ ಒಂದರಿಂದಲೇ ಎನ್ನುವುದನ್ನು ಬೇಸರವಾದಾಗ ನೆನೆಸಿಕೊಳ್ಳಬಹುದು.

ಇದರ ಕೆಟ್ಟ ಅಭ್ಯಾಸ ಯಾವುದು? ನೇರಕ್ಕೆ ನುಗ್ಗುವುದೇ. ಎರಡು ಮೂರು ವರ್ಷ ಬರೀ ಶಿಂಗ್‌ಯಿ ಮಾಡಿದವರ ಎದೆ ಬಿಗಿಯುತ್ತದೆ, ಉಸಿರು ಗುದ್ದಿನ ಜೊತೆ ಕಟ್ಟಿಕೊಳ್ಳುತ್ತದೆ, ಎದುರಿನವ ಪಕ್ಕಕ್ಕೆ ಸರಿದರೆ ಅವರು ಖಾಲಿ ಜಾಗದ ಮೇಲೆ ಬೀಳುತ್ತಾರೆ. ಬಿಗಿತಕ್ಕೆ ಮದ್ದು ತಾಯ್‌ಚಿಯಲ್ಲಿದೆ, ನೇರಕ್ಕೆ ಮದ್ದು ಬಾಗ್ವಾದಲ್ಲಿ.

ಬಾಗ್ವಾ ಎಂದರೆ ವೃತ್ತದ ಮೇಲೆ ನಡೆಯುವುದು. ವೃತ್ತ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಹಳೆಯ ಲೆಕ್ಕ ಎಂಟು ಹೆಜ್ಜೆ. ಒಂದು ಹೆಜ್ಜೆ ಸುಮಾರು 70 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಸುತ್ತಳತೆ 5.6 ಮೀಟರ್, ಅಂದರೆ ವ್ಯಾಸ 1.8 ಮೀಟರಿಗೆ ಸ್ವಲ್ಪ ಕಡಿಮೆ. ಹೊಸಬರಿಗೆ ಇದು ತೀರ ಬಿಗಿ. ಒಂದು ಮೊಳೆಗೆ 1.8 ಮೀಟರ್ ಹಗ್ಗ ಕಟ್ಟಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದರೆ ಹದಿನಾರು ಹೆಜ್ಜೆಯ ವೃತ್ತ ಸಿಗುತ್ತದೆ. ಅದರಲ್ಲಿ ಶುರುಮಾಡಿ. ಒಳಗಿನ ಕಾಲು ನೇರಕ್ಕೆ ಹೋಗುತ್ತದೆ, ಹೊರಗಿನ ಕಾಲು ಪ್ರತಿ ಹೆಜ್ಜೆಗೂ ಸ್ವಲ್ಪ ಒಳಕ್ಕೆ ತಿರುಗಿ ಇಳಿಯುತ್ತದೆ. ತಿರುವು ಹುಟ್ಟುವುದು ಇದರಿಂದ. ಪಾದವನ್ನು ಎತ್ತಿ ಇಡದೆ ನೆಲಕ್ಕೆ ಸಮವಾಗಿ ಜಾರಿಸಿ ಇಡಬೇಕು, ಹಿಮ್ಮಡಿ ಮೊದಲು ಊರಬಾರದು. ಕಣಕಾಲುಗಳು ಒಂದನ್ನೊಂದು ಸವರಿಕೊಂಡು ಹೋಗುವಷ್ಟು ಹತ್ತಿರ ಸಾಗಬೇಕು. ತಲೆಯ ಎತ್ತರ ಬದಲಾಗಬಾರದು. ನಡು ವೃತ್ತದ ಮಧ್ಯಕ್ಕೆ ತಿರುಗಿರುತ್ತದೆ, ಒಳಬದಿಯ ಕೈಯ ತೋರುಬೆರಳು ಹುಬ್ಬಿನ ಎತ್ತರದಲ್ಲಿ ಮಧ್ಯಬಿಂದುವನ್ನು ತೋರುತ್ತದೆ, ಇನ್ನೊಂದು ಅಂಗೈ ಆ ಮೊಣಕೈ ಕೆಳಗೆ. ಕಣ್ಣು ಆ ಬೆರಳ ಮೇಲಿರಲಿ. ನೆಲ ನೋಡುತ್ತ ಸುತ್ತಿದರೆ ತಲೆ ಸುತ್ತುತ್ತದೆ, ಕುತ್ತಿಗೆಯೂ ಬಾಗುತ್ತದೆ.

ದಿಕ್ಕು ಬದಲಿಸುವ ಎರಡು ಹೆಜ್ಜೆಗಳು ಇಡೀ ಕಲೆಯ ಕೀಲಿಗಳು. ಪಾದವನ್ನು ಒಳಕ್ಕೆ ಕೊಕ್ಕೆ ಹಾಕುವುದು ಕೌಬು, ಹೊರಕ್ಕೆ ತೆರೆಯುವುದು ಬಾಯ್‌ಬು. ಮೊದಲ ಪಾಠವಾದ ಒಂಟಿ ಅಂಗೈ ಬದಲಾವಣೆಯಲ್ಲಿ ಹೊರಗಾಲು ಒಳಗಾಲಿನ ಮುಂದೆ ಕೊಕ್ಕೆಯಾಗಿ ಇಳಿಯುತ್ತದೆ. ಆಮೇಲೆ ಇನ್ನೊಂದು ಕಾಲು ಹೊರಕ್ಕೆ ತೆರೆದುಕೊಳ್ಳುತ್ತದೆ, ದೇಹ ತಿರುಗಿ ಎದುರು ದಿಕ್ಕಿಗೆ ನಡೆಯತೊಡಗುತ್ತದೆ. ಮಂಡಿ ಹಾಳಾಗುವುದು ಇಲ್ಲೇ. ಭಾರ ಬಿದ್ದ ಕಾಲನ್ನು ನೆಲದ ಮೇಲೇ ತಿರುಚಿದರೆ ಮಂಡಿಯ ಒಳಬದಿ ಆ ತಿರುಚನ್ನು ತಿನ್ನುತ್ತದೆ. ಕಾಲು ಇನ್ನೂ ಹಗುರವಾಗಿರುವಾಗಲೇ ತೊಡೆಸಂದಿನಿಂದ ತಿರುಗಿಸಿ, ಎಷ್ಟು ತಿರುಗಿತೋ ಅಷ್ಟಕ್ಕೇ ಇಳಿಸಿ, ಆಮೇಲೆ ಭಾರ ಕೊಡಬೇಕು. ಹೊಸಬರಿಗೆ 45 ಡಿಗ್ರಿ ಸಾಕು, 90 ದಾಟುವ ಅವಸರ ಬೇಡ. ರಬ್ಬರ್ ತಳದ ಬೂಟು, ಅಂಟುವ ಜಿಮ್ ಚಾಪೆ, ಎರಡೂ ಇದಕ್ಕೆ ಶತ್ರುಗಳು. ಗಟ್ಟಿ ಮಣ್ಣಿನ ಅಂಗಳ, ತೆಳು ಬಟ್ಟೆ ಅಥವಾ ಚರ್ಮದ ತಳದ ಪಾದರಕ್ಷೆ ಒಳ್ಳೆಯದು.

ದೋಂಗ್ ಹಾಯ್‌ಚುವಾನ್ ಬಳಿ ಬಂದವರು ಬಹುಪಾಲು ಮೊದಲೇ ಏನಾದರೂ ಕಲಿತವರು ಎಂಬುದನ್ನು ಮರೆಯಬಾರದು. ಯಿನ್ ಫು ಹೊಡೆತದ ಕಲೆಯಿಂದ ಬಂದ, ಅವನ ಪರಂಪರೆಯಲ್ಲಿ ಅಂಗೈ ಬಿಗಿ ಮತ್ತು ನೇರ, ಚುಚ್ಚು ಹೊಡೆತ ಹೆಚ್ಚು. ಚೆಂಗ್ ತಿಂಗ್‌ಹುವಾ ಕುಸ್ತಿಪಟು, ಅವನ ಬಾಗ್ವಾದಲ್ಲಿ ತಿರುಚು ಮತ್ತು ಎಸೆತ ಹೆಚ್ಚು. ಇಬ್ಬರದೂ ಬಾಗ್ವಾ. ಈ ಕಲೆ ಬಲವನ್ನು ಮೊದಲಿಂದ ಕಟ್ಟಿಕೊಡುವುದಕ್ಕಿಂತ, ಇರುವ ಬಲವನ್ನು ಬೇರೆ ಕೋನಕ್ಕೆ ಒಯ್ಯುವುದರಲ್ಲಿ ಜಾಣ. ತಳಪಾಯವಿಲ್ಲದೆ ಬರೀ ವೃತ್ತ ಸುತ್ತಿದವರಲ್ಲಿ ಕಾಣುವ ದೋಷವೂ ಇದರಿಂದಲೇ: ಕೈಗಳು ಚೆಂದವಾಗಿ ಹಾವಿನಂತೆ ಆಡುತ್ತವೆ, ಹೆಜ್ಜೆ ಚುರುಕು, ಆದರೆ ಅಂಗೈ ತಾಗಿದಾಗ ಅದರ ಹಿಂದೆ ಯಾರೂ ಇಲ್ಲ. ಅವರನ್ನು ಮೂರು ತಿಂಗಳು ಸಾನ್‌ತಿಯಲ್ಲಿ ನಿಲ್ಲಿಸಿ ನೇರ ಗೆರೆಯಲ್ಲಿ ಪೀ ಹೊಡೆಸಬೇಕು.

ತಾಯ್‌ಚಿಯ ನಿಧಾನ ವರಸೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಯಾಂಗ್ ಶೈಲಿಯ ಉದ್ದ ವರಸೆ ಮುಗಿಯಲು ಸುಮಾರು 20 ನಿಮಿಷ ಬೇಕು, 1956ರಲ್ಲಿ ಸರಳಗೊಳಿಸಿದ 24 ಭಂಗಿಗಳ ವರಸೆಗೆ ಐದಾರು ನಿಮಿಷ. ಆದರೆ ಪಕ್ಕದ ಎರಡು ಕಲೆಗಳಿಗೆ ತಾಯ್‌ಚಿ ಕೊಡುವ ದೊಡ್ಡ ವಸ್ತು ವರಸೆಯಲ್ಲ, ಜೋಡಿ ಅಭ್ಯಾಸವಾದ ತುಯ್‌ಶೌ. ಇಬ್ಬರು ಎದುರುಬದುರು ನಿಂತು, ಒಂದೊಂದು ಕಾಲು ಮುಂದಿಟ್ಟು, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ಒತ್ತುವುದು, ಬಿಡುವುದು. ಮೊದಲು ಒಂದೇ ಕೈಯಲ್ಲಿ ಅಡ್ಡ ವೃತ್ತ. ಅದು ಕೂತ ಮೇಲೆ ಎರಡು ಕೈಯ ನಾಲ್ಕು ಕ್ರಿಯೆ: ಉಬ್ಬಿ ತಡೆಯುವ ಪೆಂಗ್, ಹಿಂದಕ್ಕೆ ಸಾಗಹಾಕುವ ಲ್ಯೂ, ಎರಡು ಕೈ ಕೂಡಿಸಿ ಒತ್ತುವ ಜಿ, ಅಂಗೈಯಿಂದ ತಳ್ಳುವ ಆನ್. ಒತ್ತಡ ಬಂದಾಗ ತೋಳನ್ನು ಮಡಚದೆ ನಡು ತಿರುಗಿಸಿ, ಭಾರವನ್ನು ಹಿಂಗಾಲಿಗೆ ಇಳಿಸಿ ಅದನ್ನು ಪಕ್ಕಕ್ಕೆ ಹರಿಸಬೇಕು. ಮಣಿಕಟ್ಟಿಗೂ ನಿಮ್ಮ ಎದೆಗೂ ನಡುವೆ ಒಂದು ಗೇಣಿಗಿಂತ ಕಡಿಮೆ ಉಳಿದರೆ ತೋಳು ಕುಸಿದಿದೆ ಎಂದೇ ಲೆಕ್ಕ.

ಇಲ್ಲಿ ತಪ್ಪುಗಳು ನಾಲ್ಕು ಬಗೆ ಎಂದು ಹಳಬರು ಎಣಿಸಿದ್ದಾರೆ: ಸೆಣಸಿ ತಡೆಯುವುದು, ಸಂಪರ್ಕ ಬಿಟ್ಟುಬಿಡುವುದು, ಕುಸಿದು ಚಪ್ಪಟೆಯಾಗುವುದು, ತಿರುಗಿ ಮೇಲೆ ಬೀಳುವುದು. ಶಿಂಗ್‌ಯಿಯವರು ಬಂದರೆ ಮೊದಲನೆಯದು ಮತ್ತು ಕೊನೆಯದು, ಬಾಗ್ವಾದವರು ಬಂದರೆ ಎರಡನೆಯದು. ಮೂರನೆಯದು ತಾಯ್‌ಚಿಯವರ ಸ್ವಂತ ಆಸ್ತಿ. ಮೆದುವಾಗಿರಬೇಕು ಎಂದು ಹೇಳಿಸಿಕೊಂಡೂ ಹೇಳಿಸಿಕೊಂಡೂ ಅವರ ತೋಳು ಒದ್ದೆ ಬಟ್ಟೆಯಾಗಿಬಿಟ್ಟಿರುತ್ತದೆ. ಇನ್ನೂ ದೊಡ್ಡ ಕೊರತೆ ಎಂದರೆ, ತುಯ್‌ಶೌ ಶುರುವಾಗುವುದೇ ಕೈ ತಾಗಿದ ಮೇಲೆ. ಎರಡು ಮೀಟರ್ ದೂರದಿಂದ ಒಬ್ಬ ಓಡಿಬಂದರೆ ಆ ತಾಗುವಿಕೆಯನ್ನು ಹೇಗೆ ಗಳಿಸುವುದು? ಅದನ್ನು ನಿಂತಲ್ಲೇ ಮಾಡುವ ತುಯ್‌ಶೌ ಕಲಿಸುವುದಿಲ್ಲ. ಹಿಂಗಾಲನ್ನು ಎಳೆದುಕೊಂಡು ಮುಂದೆ ಬರುವ ಶಿಂಗ್‌ಯಿಯ ಎಳೆಹೆಜ್ಜೆ ಕಲಿಸುತ್ತದೆ.

ಒಂದು ಸಂದರ್ಭ ತೆಗೆದುಕೊಳ್ಳೋಣ. ಎದುರಿನವ ಬಲಗಾಲು ಮುಂದಿಟ್ಟು ಬಲಗೈಯಿಂದ ನಿಮ್ಮ ಎದೆಗೆ ತಳ್ಳುತ್ತಾನೆ. ನಿಮ್ಮ ಬಲಗಾಲೂ ಮುಂದಿದೆ. ನಿಮ್ಮ ಬಲ ಮಣಿಕಟ್ಟು ಅವನ ಮಣಿಕಟ್ಟಿನ ಹೊರಬದಿಗೆ, ಎಡ ಅಂಗೈ ಅವನ ಮೊಣಕೈಗೆ. ನಡು ಬಲಕ್ಕೆ ತಿರುಗಿಸಿ ಭಾರ ಹಿಂದಕ್ಕೆ ಕೊಟ್ಟರೆ ಇದು ಲ್ಯೂ, ಆತ ಮುಂದಕ್ಕೆ ಮುಗ್ಗರಿಸುತ್ತಾನೆ. ಇಷ್ಟು ತಾಯ್‌ಚಿ. ಆದರೆ ಜಾಣನಾದವನು ಮುಗ್ಗರಿಸುವುದಿಲ್ಲ, ಎಳೆತ ಗೊತ್ತಾದ ಕೂಡಲೇ ಹಿಂದಕ್ಕೆ ಸರಿಯುತ್ತಾನೆ. ಸರಿದವನನ್ನು ಹಿಂಬಾಲಿಸಬೇಕು: ಬಲಗೈಯಿಂದ ಅವನ ಮಣಿಕಟ್ಟನ್ನು ಕೆಳಕ್ಕೆ ಒತ್ತಿ, ಬಲಗಾಲು ಅರ್ಧ ಹೆಜ್ಜೆ ಮುಂದೆ, ಎಡಮುಷ್ಟಿ ಪಕ್ಕೆಲುಬಿನ ಮಟ್ಟದಲ್ಲಿ ಬೆಂಗ್. ಮೂರನೆಯ ಸಾಧ್ಯತೆಯಲ್ಲಿ ಆತ ಮುಗ್ಗರಿಸುವುದೂ ಇಲ್ಲ, ಸರಿಯುವುದೂ ಇಲ್ಲ, ಮೊಣಕೈ ಇಳಿಸಿ ಗಟ್ಟಿಯಾಗಿ ನಿಂತುಬಿಡುತ್ತಾನೆ. ಆಗ ಎಳೆದರೂ ಗುದ್ದಿದರೂ ಬಲಕ್ಕೆ ಬಲ. ಎಡಗಾಲನ್ನು ಅವನ ಬಲಗಾಲಿನ ಹೊರಬದಿಯಿಂದ ಒಯ್ದು ಹಿಮ್ಮಡಿಯ ಹಿಂದೆ ಕೊಕ್ಕೆಯಾಗಿ ಇಳಿಸಿ, ಎಡತೋಳನ್ನು ಅವನ ಎದೆಗೆ ಅಡ್ಡವಾಗಿಟ್ಟು ನಡುವನ್ನು ಎಡಕ್ಕೆ ತಿರುಗಿಸಿದರೆ ಆತ ನಿಮ್ಮ ಕಾಲಿನ ಮೇಲೆ ಹಿಂದಕ್ಕೆ ಬೀಳುತ್ತಾನೆ. ಅದು ಬಾಗ್ವಾ. ಮೂರರಲ್ಲಿ ಯಾವುದನ್ನು ಮಾಡಬೇಕು ಎಂದು ಹೇಳುವುದು ಎಡ ಅಂಗೈಗೆ ಅವನ ಮೊಣಕೈಯಿಂದ ಬರುವ ಸುದ್ದಿ. ಆ ಸುದ್ದಿ ಓದಲು ತುಯ್‌ಶೌ ಬೇಕೇ ಬೇಕು. ಮೊದಲೇ ನಿರ್ಧರಿಸಿಕೊಂಡು ಹೋದರೆ ಮೂರೂ ಕೆಡುತ್ತವೆ.

ಮೂರನ್ನೂ ಆಳವಾಗಿ ಕಲಿತು ಬರೆದಿಟ್ಟವರಲ್ಲಿ ಸುನ್ ಲೂಥಾಂಗ್ (1860–1933) ದೊಡ್ಡ ಹೆಸರು. ಹೆಬೆಯ್‌ನವರು. ಶಿಂಗ್‌ಯಿಯನ್ನು ಗುವೋ ಯುನ್‌ಶೆನ್ ಪರಂಪರೆಯಲ್ಲಿ, ಬಾಗ್ವಾವನ್ನು ಚೆಂಗ್ ತಿಂಗ್‌ಹುವಾ ಬಳಿ ಕಲಿತರು. ಸುನ್ ಅವರಿಗೆ ನಡುವಯಸ್ಸು ದಾಟಿದ ಮೇಲೆ, ತಾಯ್‌ಚಿ ಗುರು ಹಾವೊ ವೆಯ್‌ಝೆನ್ ಬೀಜಿಂಗಿಗೆ ಬಂದು ಕಾಯಿಲೆ ಬಿದ್ದಾಗ ಸುನ್ ಆರೈಕೆ ಮಾಡಿದರು, ಹಾವೊ ಅವರು ಪ್ರತಿಯಾಗಿ ತಾಯ್‌ಚಿ ಹೇಳಿಕೊಟ್ಟರು. ಇವರ ಸುನ್ ಶೈಲಿಯ ತಾಯ್‌ಚಿಯಲ್ಲಿ ಶಿಂಗ್‌ಯಿಯ ಎಳೆಹೆಜ್ಜೆ ಎದ್ದು ಕಾಣುತ್ತದೆ: ಮುಂದೆ ಹೋದರೆ ಹಿಂಗಾಲು ಹಿಂಬಾಲಿಸುತ್ತದೆ, ಹಿಂದೆ ಬಂದರೆ ಮುಂಗಾಲು ಜೊತೆಗೆ ಬರುತ್ತದೆ. ದಿಕ್ಕು ತಿರುಗುವಾಗ ಎದೆಯ ಮುಂದೆ ಅಂಗೈಗಳನ್ನು ಎದುರುಬದುರು ಹಿಡಿದು ಭುಜದಗಲಕ್ಕೆ ತೆರೆದು ಮುಖದಗಲಕ್ಕೆ ಮುಚ್ಚುವ ಕ್ರಿಯೆ ಮತ್ತೆ ಮತ್ತೆ ಬರುತ್ತದೆ. ಹೀಗಾಗಿ ಸುನ್ ಅವರು ಮೂರನ್ನೂ ಕಲಸಿದರು ಎಂದು ಹಲವರು ಹೇಳುತ್ತಾರೆ. ಆದರೆ ಅವರು 1915ರಲ್ಲಿ ಶಿಂಗ್‌ಯಿಗೆ, 1916ರಲ್ಲಿ ಬಾಗ್ವಾಕ್ಕೆ, 1921ರಲ್ಲಿ ತಾಯ್‌ಚಿಗೆ ಬೇರೆ ಬೇರೆ ಪುಸ್ತಕ ಪ್ರಕಟಿಸಿದರು. ಮೂರನ್ನೂ ಬೇರೆ ಬೇರೆಯಾಗಿಯೇ ಕಲಿಸಿದರು. ತಾಯ್‌ಚಿ ಅವರ ಕೈಯಲ್ಲಿ ಬದಲಾಯಿತು, ಶಿಂಗ್‌ಯಿ ಶಿಂಗ್‌ಯಿಯಾಗಿಯೇ ಉಳಿಯಿತು.

ಕಲಸುವುದರ ತೊಂದರೆ ತೀರ ಲೌಕಿಕವಾದದ್ದು. ಯಾಂಗ್ ಶೈಲಿಯಲ್ಲಿ ಮುಂಗಾಲು ಬಾಗಿಸಿ ನಿಲ್ಲುವ ಬಿಲ್ಲಿನ ನಿಲುವಿಗೆ ಭಾರ ಮುಂಗಾಲಿನ ಮೇಲೆ ನೂರಕ್ಕೆ ಸುಮಾರು 70 ಪಾಲು ಹೋಗುತ್ತದೆ, ಸಾನ್‌ತಿಯಲ್ಲಿ ಅದಕ್ಕೆ ತದ್ವಿರುದ್ಧ. ಒಂದೇ ವರಸೆಯಲ್ಲಿ ಎರಡನ್ನೂ ಬೆರೆಸಿದ ಹೊಸಬ ಕೊನೆಗೆ 50–50ರ ಮೇಲೆ ನಿಲ್ಲುತ್ತಾನೆ, ಅಲ್ಲಿಂದ ಯಾವ ಕಡೆಗೂ ಚುರುಕಾಗಿ ಹೊರಡಲಾಗುವುದಿಲ್ಲ. ವೃತ್ತದ ನಡಿಗೆಯಲ್ಲಿ ಶಿಂಗ್‌ಯಿಯ ಒದೆತ ಬಂದರೆ ತಲೆ ಕುಪ್ಪಳಿಸುತ್ತದೆ. ತುಯ್‌ಶೌನಲ್ಲಿ ಬಾಗ್ವಾದ ಹೆಜ್ಜೆ ಹಾಕಿದರೆ ಒತ್ತಡವನ್ನು ನಿಂತು ತಾಳುವ ಪಾಠವೇ ತಪ್ಪಿಹೋಗುತ್ತದೆ, ಪ್ರತಿ ಸಲವೂ ಓಡಿಹೋಗಲು ಒಂದು ಬಾಗಿಲು ಸಿಕ್ಕಂತಾಗುತ್ತದೆ. ಆದ್ದರಿಂದ ಒಂದು ಅಭ್ಯಾಸದ ಸಮಯದಲ್ಲಿ ಅದರ ನಿಯಮ ಮಾತ್ರ.

ಕ್ರಮ ಹೇಗಿರಲಿ ಎಂದು ಕೇಳಿದರೆ: ಆರೋಗ್ಯವಂತ ಯುವಕ, ಯುವತಿಯರಿಗೆ ಮೊದಲ ಒಂದೂವರೆ ವರ್ಷ ಶಿಂಗ್‌ಯಿ ಮತ್ತು ವಾರಕ್ಕೆರಡು ಸಲ ಒಂಟಿಗೈ ತುಯ್‌ಶೌ. ಪೀ ಮತ್ತು ಬೆಂಗ್ ಕೂತ ಮೇಲೆ ವೃತ್ತದ ನಡಿಗೆ, ಅದೂ ಮೊದಲ ಆರು ತಿಂಗಳು ಒಂಟಿ ಅಂಗೈ ಬದಲಾವಣೆ ಮಾತ್ರ. ಆಮೇಲೆ ದಿನಕ್ಕೆ ಒಂದು ಗಂಟೆ ಸಿಕ್ಕರೆ ಹತ್ತು ನಿಮಿಷ ಸಾನ್‌ತಿ, ಹದಿನೈದು ನಿಮಿಷ ನೇರ ಹೊಡೆತ, ಹದಿನೈದು ನಿಮಿಷ ವೃತ್ತ, ಉಳಿದದ್ದು ತಾಯ್‌ಚಿ ವರಸೆ. ವೃತ್ತವನ್ನು ಎಡಕ್ಕೆ ಎಷ್ಟು ಸುತ್ತಿದಿರೋ ಬಲಕ್ಕೂ ಅಷ್ಟೇ. ಉಸಿರನ್ನು ಅದರ ಪಾಡಿಗೆ ಬಿಡಿ, ಹೊಟ್ಟೆಗೆ ಚೀ ಎಂಬ ಪ್ರಾಣಶಕ್ತಿ ತುಂಬುತ್ತೇವೆಂದು ಉಸಿರು ಹಿಡಿದು ಒತ್ತುವವರಿಗೆ ತಲೆನೋವು, ರಕ್ತದೊತ್ತಡ ಬಿಟ್ಟರೆ ಬೇರೇನೂ ತುಂಬುವುದಿಲ್ಲ.

ಅರವತ್ತು ದಾಟಿದವರು, ಮಂಡಿನೋವಿರುವವರು ಈ ಕ್ರಮವನ್ನು ತಿರುಗಿಸಿಕೊಳ್ಳಬೇಕು. ನಿಲುವು ಎತ್ತರವಾಗಿರುವ, ಹೆಜ್ಜೆ ಚಿಕ್ಕದಾಗಿರುವ ಸುನ್ ತಾಯ್‌ಚಿ ಮೊದಲು. ಸಾನ್‌ತಿಯನ್ನು ಹಿಮ್ಮಡಿಗಳ ಅಂತರ ಒಂದು ಪಾದದಷ್ಟಕ್ಕೆ ಇಳಿಸಿಕೊಂಡು ಒಂದೊಂದು ನಿಮಿಷ. ವೃತ್ತವನ್ನು ಹದಿನಾರು ಹೆಜ್ಜೆಗಿಂತ ಚಿಕ್ಕದು ಮಾಡುವುದೇ ಬೇಡ. ಕೊಕ್ಕೆ ಹೆಜ್ಜೆಯ ಬದಲು ದಿಕ್ಕು ಬದಲಿಸಲು ಮೂರು ಚಿಕ್ಕ ಹೆಜ್ಜೆಗಳಲ್ಲಿ ತಿರುಗಿದರೂ ಆಗುತ್ತದೆ. ಮಂಡಿಯ ಒಳಬದಿಯಲ್ಲಿ ಚುಚ್ಚಿದಂತಾದರೆ ಆ ದಿನಕ್ಕೆ ತಿರುವುಗಳನ್ನು ಬಿಟ್ಟು ನೇರ ಗೆರೆಯಲ್ಲಿ ಜಾರುಹೆಜ್ಜೆ ಮಾತ್ರ ಮಾಡಿ.

ತುಯ್‌ಶೌಗೆ ಜೊತೆ ಸಿಗದವರು ಅರ್ಧ ತೆರೆದ, ಸರಾಗವಾಗಿ ತಿರುಗುವ ಬಾಗಿಲಿನ ಅಂಚಿಗೆ ಮಣಿಕಟ್ಟು ತಾಗಿಸಿ, ತೋಳು ಅಲುಗಿಸದೆ ನಡುವಿನಿಂದಲೇ ಅದನ್ನು ತೆರೆದು ಮುಚ್ಚಿ ನೋಡಬಹುದು. ತೋಳು ಎಲ್ಲಿ ಕಳ್ಳತನ ಮಾಡುತ್ತದೆ ಎಂದು ಬಾಗಿಲು ಹೇಳುತ್ತದೆ. ಆದರೆ ಬಾಗಿಲು ಮೋಸ ಮಾಡುವುದಿಲ್ಲ, ಸುಮ್ಮನೆ ದಿಕ್ಕು ಬದಲಿಸುವುದಿಲ್ಲ. ಅದಕ್ಕಾಗಿ ವಾರಕ್ಕೊಮ್ಮೆಯಾದರೂ ಒಬ್ಬ ಮನುಷ್ಯನನ್ನು ಹುಡುಕಿಕೊಳ್ಳಿ, ನಿಮಗಿಂತ ಭಾರವಿದ್ದರೆ ಇನ್ನೂ ಒಳ್ಳೆಯದು.